ವಿಂಡೋಸ್ 11 ಹಾಕಿಸಿದ ಮೇಲೆ ಹಳೆ ಕನ್ನಡ ಫೈಲುಗಳು ಓದಲು ಬರುತ್ತಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ. ವಾಪಸ್ ಹಳೆಯದಕ್ಕೇ ಹೋಗಲೇ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಬಾಡಿಗೆ ಕರಾರು, ಅಫಿಡವಿಟ್, ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಮಾಡಿಕೊಡುತ್ತೇನೆ. ಕನ್ನಡದ ಕೆಲಸವೇ ಜಾಸ್ತಿ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಅಂದರು. ಹಾಗಾಗಿ ಕಳೆದ ವಾರ ಪರಿಚಯದ ಹುಡುಗನ ಕೈಲಿ ವಿಂಡೋಸ್ 11 ಹಾಕಿಸಿದೆ. ಅವತ್ತಿನಿಂದ ಒಂದಲ್ಲ ಒಂದು ಕಿರಿಕಿರಿ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಮಾಡಿಟ್ಟ ಹಳೆ ಫೈಲುಗಳು ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಬ್ರೌಸರ್‌ನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ 'ಕಲಿಲೈ' ಎಂದು ಬರುತ್ತದೆ. ಈಮೇಲ್ ವಿಳಾಸಕ್ಕೆ ಆಟ್ ಚಿಹ್ನೆ ಹಾಕಲು ಹೋದರೆ ಉದ್ಧರಣ ಚಿಹ್ನೆ ಬೀಳುತ್ತದೆ. ಡೆಸ್ಕ್‌ಟಾಪ್ ಫೈಲುಗಳ ಮೇಲೆ ಹಸಿರು ಟಿಕ್, ಮೋಡದ ಗುರುತು. ಜಾಗ ತುಂಬಿದೆ, ದುಡ್ಡು ಕಟ್ಟಿ ಅನ್ನುವ ಸಂದೇಶ ಬೇರೆ. ವೈಫೈ ಪ್ರಿಂಟರ್ ದಿನ ಬಿಟ್ಟು ದಿನ 'ಆಫ್‌ಲೈನ್' ಅನ್ನುತ್ತದೆ. ರೈಟ್ ಕ್ಲಿಕ್ ಮಾಡಿದರೆ ಹಳೆ ಮೆನು ಇಲ್ಲ. ಯಂತ್ರವೂ ನಿಧಾನ. ಹಳೆ ವಿಂಡೋಸ್‌ಗೇ ವಾಪಸ್ ಹೋಗುವುದು ಒಳ್ಳೆಯದಾ?

ಉತ್ತರ: ಬೇಡ, ವಾಪಸ್ ಹೋಗಬೇಡಿ. ನೀವು ಬರೆದಿರುವ ತೊಂದರೆಗಳಲ್ಲಿ ಕಂಪ್ಯೂಟರ್ ಕೆಟ್ಟಿದೆ ಅನ್ನುವಂಥದ್ದು ಒಂದೂ ಇಲ್ಲ. ನಿಮ್ಮ ಫೈಲುಗಳೂ ಹಾಳಾಗಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್ ಪ್ರತಿ, ಆಸ್ತಿ ಪತ್ರ ಎಲ್ಲ ನಿಮ್ಮ ಯಂತ್ರದ ಮೂಲಕ ಹಾದು ಹೋಗುತ್ತವೆ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳು ದಿನವೂ ಅದಕ್ಕೆ ಸೇರುತ್ತವೆ. ಅಂಥ ಯಂತ್ರ ಭದ್ರತಾ ಅಪ್‌ಡೇಟ್ ಇಲ್ಲದೆ ಇರಬಾರದು.

ಆದರೆ ಒಂದು ಕೆಲಸಕ್ಕೆ ಮಾತ್ರ ಅವಸರವಿದೆ. ಹೊಸ ವಿಂಡೋಸ್ ಹಾಕಿದಾಗ ಹಳೆಯದನ್ನು ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರ್‌ಗೆ ಸರಿಸಿ ಇಟ್ಟಿರುತ್ತದೆ. ಸಾಮಾನ್ಯವಾಗಿ 10 ದಿನವಾದ ಮೇಲೆ ವಿಂಡೋಸ್ ತಾನಾಗಿಯೇ ಅದನ್ನು ಅಳಿಸಿಬಿಡುತ್ತದೆ. ನಿಮಗೆ ಒಂದು ವಾರ ಕಳೆದಿದೆ. ಇವತ್ತೇ ಆ ಫೋಲ್ಡರ್ ತೆರೆದು ನೋಡಿ. ಅದರೊಳಗಿನ 'ವಿಂಡೋಸ್' ಫೋಲ್ಡರ್‌ನಲ್ಲಿ 'ಫಾಂಟ್ಸ್' ಇರುತ್ತದೆ, 'ಯೂಸರ್ಸ್' ಒಳಗೆ ನಿಮ್ಮ ಹಳೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಇರಬಹುದು. ಎರಡನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಜಾಗ ಉಳಿಸಲು ಯಾರಾದರೂ ಡಿಸ್ಕ್ ಕ್ಲೀನಪ್ ಮಾಡಿ ಅಂದರೆ ಈ ಕಾಪಿ ಆಗುವವರೆಗೆ ಬೇಡ ಅನ್ನಿ. ಫೋಲ್ಡರ್ ಇಲ್ಲವೇ ಇಲ್ಲ ಅಂದರೆ ಹುಡುಗ ಡ್ರೈವ್ ಫಾರ್ಮ್ಯಾಟ್ ಮಾಡಿಯೇ ಹೊಸದಾಗಿ ಹಾಕಿರಬಹುದು. ಅವನನ್ನೇ ಕೇಳಿ: 'ಅಪ್‌ಗ್ರೇಡ್ ಮಾಡಿದ್ಯಾ, ಫಾರ್ಮ್ಯಾಟ್ ಮಾಡಿದ್ಯಾ?' ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಫಾಂಟ್‌ಗಳು ಒಟ್ಟಿಗೇ ಮಾಯವಾಗಿರುವುದು ನೋಡಿದರೆ ಫ್ರೆಶ್ ಆಗಿ ಹಾಕಿರುವ ಹಾಗೆ ಕಾಣುತ್ತದೆ. ಬರೀ ಅಪ್‌ಗ್ರೇಡ್ ಆಗಿದ್ದರೆ ನುಡಿ ಫಾಂಟ್‌ಗಳು ಸಾಮಾನ್ಯವಾಗಿ ಇದ್ದ ಜಾಗದಲ್ಲೇ ಉಳಿಯುತ್ತವೆ.

ಈಗ ಆ ವಿಚಿತ್ರ ಅಕ್ಷರಗಳಿಗೆ ಬರೋಣ. ನಿಮ್ಮ ಹೊಟ್ಟೆಪಾಡು ಇರುವುದೇ ಅಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಫೈಲ್‌ನಲ್ಲಿ 'ಕನ್ನಡ' ಅನ್ನುವ ಪದ ಇದ್ದ ಜಾಗವನ್ನು ಸೂಕ್ಷ್ಮವಾಗಿ ನೋಡಿ. ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೀರಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಗೀರಿನ ಎ, ಜರ್ಮನ್ನರು ಬಳಸುವ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೆ ಗೀರಿನ ಎ. ಹೀಗೇ ಕಾಣುತ್ತಿದೆ ತಾನೇ? ಹಾಗಿದ್ದರೆ ನಿಮ್ಮ ಫೈಲ್ ಸರಿಯಾಗಿಯೇ ಇದೆ. ನುಡಿಯ ಹಳೆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಅಂತ ಬೇರೆ ಸಂಕೇತ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ದೊಡ್ಡ ಪಿ ಜಾಗದಲ್ಲಿ 'ಕ'ದ ಒಡಲು, ಗೀರಿನ ಎ ಜಾಗದಲ್ಲಿ ತಲೆಕಟ್ಟು, ಜೋಡಿ ಎಸ್ ಜಾಗದಲ್ಲಿ 'ನ'ದ ಒತ್ತು. ಫಾಂಟ್ ಇದ್ದಾಗ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಕೆಳಗಿರುವ ಇಂಗ್ಲಿಷ್ ಅಕ್ಷರಗಳು ಹೊರಗೆ ಬರುತ್ತವೆ. ಫಾಂಟ್ ಹಾಕಿದ ಕ್ಷಣ ಎಲ್ಲ ಮೊದಲಿನಂತಾಗುತ್ತದೆ.

ಹಾಗಾಗಿ ಫಾಂಟ್ ಬರುವವರೆಗೆ ಆ ಫೈಲುಗಳನ್ನು ತೆರೆದು ಸೇವ್ ಮಾಡಬೇಡಿ. ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ತಂತ್ರಾಂಶ ಬಳಸುತ್ತಿದ್ದರೆ ಈ ಮಾತು ಇನ್ನೂ ಮುಖ್ಯ. ಫಾಂಟ್ ಸಿಗದಿದ್ದಾಗ ಅದು ಬದಲಿ ಫಾಂಟ್‌ಗಳ ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಒಪ್ಪಿ ಸೇವ್ ಮಾಡಿಬಿಟ್ಟರೆ ಯಾವ ಸಾಲಿಗೆ ಯಾವ ನುಡಿ ಫಾಂಟ್ ಇತ್ತು ಅನ್ನುವ ಮಾಹಿತಿಯೇ ಹೋಗಬಹುದು. ಆಮೇಲೆ ಲಗ್ನಪತ್ರಿಕೆಯ ಒಂದೊಂದು ಸಾಲನ್ನೂ ಕೂತು ಸರಿಮಾಡಬೇಕು.

ಹಳೆ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳು ಸಿಕ್ಕರೆ ಅವನ್ನೇ ಹಾಕಿ. ಸಿಗದಿದ್ದರೆ ನುಡಿ ತಂತ್ರಾಂಶವನ್ನೇ ಮತ್ತೆ ಹಾಕಿಕೊಳ್ಳಿ. ಕನ್ನಡ ಗಣಕ ಪರಿಷತ್ತು ತಯಾರಿಸಿದ ಇದು ಉಚಿತವಾಗಿಯೇ ಸಿಗುತ್ತದೆ. ಇನ್‌ಸ್ಟಾಲ್ ಮಾಡುವಾಗ ನೀಲಿ ಪರದೆ ಬಂದು 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಅನ್ನಬಹುದು. ವೈರಸ್ ಇದೆ ಅಂತ ಅದರ ಅರ್ಥವಲ್ಲ. ಈ ಫೈಲ್ ನನಗೆ ಅಷ್ಟಾಗಿ ಪರಿಚಯವಿಲ್ಲ ಅನ್ನುತ್ತಿದೆ, ಅಷ್ಟೇ. ಅಧಿಕೃತ ಜಾಗದಿಂದ ಇಳಿಸಿದ್ದು ಖಚಿತವಿದ್ದರೆ ಮಾತ್ರ 'ಮೋರ್ ಇನ್ಫೋ' ಒತ್ತಿ 'ರನ್ ಎನಿವೇ' ಕೊಡಿ. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸೆಟಪ್ ಫೈಲ್ ಆದರೆ ಬೇಡವೇ ಬೇಡ.

ಫಾಂಟ್ ಹಾಕುವುದರಲ್ಲೂ ಒಂದು ಸೂಕ್ಷ್ಮವಿದೆ. ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಸುಮ್ನೆ 'ಇನ್‌ಸ್ಟಾಲ್' ಒತ್ತಿದರೆ ಅದು ನಿಮ್ಮ ಬಳಕೆದಾರ ಖಾತೆಗೆ ಮಾತ್ರ ಸೇರುತ್ತದೆ. ಹೀಗೆ ಹಾಕಿದ ಫಾಂಟ್ ಪೇಜ್‌ಮೇಕರ್‌ನಂಥ ಹಳೆ ತಂತ್ರಾಂಶಗಳಿಗೆ ಕಾಣದೇ ಇರಬಹುದು. ಅಂಗಡಿಯ ಹುಡುಗಿ ಬೇರೆ ಖಾತೆಯಲ್ಲಿ ಲಾಗಿನ್ ಆದರೆ ಅವಳಿಗೂ ಸಿಗುವುದಿಲ್ಲ. ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ. ಉದ್ದದ ಮೆನು ಬರುತ್ತದೆ. ಅದರಲ್ಲಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಎಲ್ಲ ಫಾಂಟ್‌ಗಳನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿಯೇ ಇದನ್ನು ಮಾಡಬಹುದು. ನೀವು ಕೇಳಿದ ಹಳೆ ರೈಟ್ ಕ್ಲಿಕ್ ಮೆನು ಕೂಡ ಇದೇ. ಅದು ಎಲ್ಲೂ ಹೋಗಿಲ್ಲ, 'ಶೋ ಮೋರ್ ಆಪ್ಷನ್ಸ್' ಹಿಂದೆ ಕೂತಿದೆ. ಶಿಫ್ಟ್ ಹಿಡಿದರೆ ನೇರವಾಗಿ ಬರುತ್ತದೆ. ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತಿದ್ದಿ ಹಳೆ ಮೆನುವನ್ನೇ ಕಾಯಂ ಮಾಡುವ ದಾರಿಯೂ ಇದೆ. ಆದರೆ ದುಡಿಯುವ ಯಂತ್ರದಲ್ಲಿ ಒಂದು ಮೆನುವಿಗಾಗಿ ರಿಜಿಸ್ಟ್ರಿಗೆ ಕೈ ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ.

ಇನ್ನು ಕೆಲವು ವರ್ಡ್ ಫೈಲುಗಳಲ್ಲಿ ಕನ್ನಡ ಓದಲು ಬರುತ್ತದೆ, ಆದರೆ ಸಾಲುಗಳ ಅಂತರ ಬದಲಾಗಿ ಒಂದು ಪುಟದ ಕರಾರು ಎರಡನೇ ಪುಟಕ್ಕೆ ಹೋಗಿದೆ ಅನ್ನಿಸಿದರೆ, ಅದು ಬೇರೆ ವಿಷಯ. ಅವು ಯೂನಿಕೋಡ್ ಫೈಲುಗಳು, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವಂಥವು, ಬಹುಶಃ ತುಂಗಾ ಫಾಂಟ್‌ನಲ್ಲಿ ಮಾಡಿದ್ದು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ವಿಂಡೋಸ್ ಜೊತೆಗೇ ಬರುತ್ತಿದ್ದ ತುಂಗಾವನ್ನು ವಿಂಡೋಸ್ 10ರಿಂದ ಬೇಕಾದವರು ಹಾಕಿಕೊಳ್ಳುವ ಪಟ್ಟಿಗೆ ಸೇರಿಸಿದರು. ಈಗ ಅದರ ಜಾಗದಲ್ಲಿ ನಿರ್ಮಲಾ ಫಾಂಟ್ ನಿಲ್ಲುತ್ತದೆ. ಅದರ ಅಳತೆ ಬೇರೆ, ಹಾಗಾಗಿ ಪುಟ ಒಡೆಯುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಆಪ್ಷನಲ್ ಫೀಚರ್ಸ್' ಎಂದು ಹುಡುಕಿ, ಅಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ಇಂಟರ್ನೆಟ್ ಇರಬೇಕು. ಛಾಪಾ ಕಾಗದದ ಮೇಲೆ ಮುದ್ರಿಸುವವರಿಗೆ ಒಂದು ಸಾಲು ಆಚೀಚೆಯಾದರೂ ಕಾಗದ ದಂಡ, ಅಲ್ವಾ? ಮೊದಲು ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆದು ನೋಡಿ.

'ಕಲಿಲೈ' ನೋಡಿ ನೀವು ಕಂಗಾಲಾಗಿರುತ್ತೀರಿ. ಆದರೆ ಏನಾಗಿದೆ ಅಂತ ನನಗೆ ಗೊತ್ತಾಗಿದ್ದು ಆ ಪದದಿಂದಲೇ. ನಿಮ್ಮ ಕೈಗೆ ಅಭ್ಯಾಸವಾಗಿರುವುದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಅಂದರೆ ನುಡಿಯ ವಿನ್ಯಾಸ. ಅದರಲ್ಲಿ 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತುತ್ತೀರಿ. ಎಫ್ ಒತ್ತಕ್ಷರಕ್ಕೆ, ಡಬ್ಲ್ಯು 'ಡ'ಕ್ಕೆ. ಈಗ ನಿಮ್ಮ ಯಂತ್ರದಲ್ಲಿ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಚಾಲೂ ಆಗಿದೆ. ಅದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರಲ್ಲಿ ಎನ್ ಅಂದರೆ 'ಲ', ಎಫ್ ಅಂದರೆ ಗುಡಿಸು, ಡಬ್ಲ್ಯು ಅಂದರೆ ಐತ್ವ. ಅದೇ ಐದು ಕೀಲಿ ಒತ್ತಿದರೆ 'ಕಲಿಲೈ' ಆಗದೆ ಇನ್ನೇನಾಗುತ್ತದೆ?

ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿದರೆ ಈ ಕೀಬೋರ್ಡ್‌ಗಳು ಒಂದಾದ ಮೇಲೊಂದು ಬದಲಾಗುತ್ತವೆ. ಕೈ ತಾಗಿ ಬದಲಾಗುವುದೂ ಉಂಟು. ನೀವು ನುಡಿಯನ್ನೇ ಬಳಸುವವರಾದ್ದರಿಂದ ಆ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ತೆಗೆದೇ ಹಾಕಿ. ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಆ್ಯಂಡ್ ಲ್ಯಾಂಗ್ವೇಜ್', ಅದರಲ್ಲಿ 'ಲ್ಯಾಂಗ್ವೇಜ್ ಆ್ಯಂಡ್ ರೀಜನ್'. ಪಟ್ಟಿಯಲ್ಲಿ ಕನ್ನಡದ ಪಕ್ಕದ ಮೂರು ಚುಕ್ಕೆ ಒತ್ತಿ 'ರಿಮೂವ್' ಕೊಡಿ. ಇದರಿಂದ ಕನ್ನಡ ಓದುವುದಕ್ಕಾಗಲಿ ನುಡಿಯಲ್ಲಿ ಬರೆಯುವುದಕ್ಕಾಗಲಿ ಏನೂ ತೊಂದರೆಯಿಲ್ಲ. ನುಡಿ ಓಡುವಾಗ ವಿಂಡೋಸ್ ಇಂಗ್ಲಿಷ್‌ನಲ್ಲೇ ಇರಲಿ. ಬ್ರೌಸರ್‌ನಲ್ಲಿ ಬರೆಯುವಾಗ ನುಡಿಯನ್ನು ಯೂನಿಕೋಡ್‌ಗೆ ಹಾಕಿಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮತ್ತೆ ಅದೇ ಪಿ, ಅದೇ ಗೀರಿನ ಎ.

ಆಟ್ ಚಿಹ್ನೆಯ ಗೋಳೂ ಇದೇ ಪುಟದಲ್ಲಿ ಬಗೆಹರಿಯುತ್ತದೆ. ಶಿಫ್ಟ್ ಜೊತೆ 2 ಒತ್ತಿದಾಗ ಉದ್ಧರಣ ಚಿಹ್ನೆ ಬಂದರೆ ಅದು ಬ್ರಿಟನ್ನಿನ ಕೀಬೋರ್ಡ್. ನಮ್ಮಲ್ಲಿ ಮಾರುವ ಕೀಬೋರ್ಡ್‌ಗಳು ಹೆಚ್ಚಾಗಿ ಅಮೆರಿಕದ ವಿನ್ಯಾಸದವು. ಇಂಗ್ಲಿಷ್‌ನ ಮೂರು ಚುಕ್ಕೆ ಒತ್ತಿ, 'ಲ್ಯಾಂಗ್ವೇಜ್ ಆಪ್ಷನ್ಸ್' ಒಳಗೆ ಯುನೈಟೆಡ್ ಕಿಂಗ್‌ಡಮ್ ಕೀಬೋರ್ಡ್ ಇದ್ದರೆ ತೆಗೆಯಿರಿ. ಅಲ್ಲೇ 'ಇಂಗ್ಲಿಷ್ ಇಂಡಿಯಾ' ಕೀಬೋರ್ಡ್ ಸೇರಿಸಿಕೊಳ್ಳಿ. ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ರೂಪಾಯಿ ಚಿಹ್ನೆ ಸಿಗುತ್ತದೆ. ದಿನವೂ ಕರಾರು ಬರೆಯುವವರಿಗೆ ಇದು ದೊಡ್ಡ ಅನುಕೂಲ.

ನೀವು ಕೇಳಿಲ್ಲ, ಆದರೆ ಫಾಂಟ್ ಎಲ್ಲ ಸರಿಯಾದ ಮೇಲೆ ಇನ್ನೊಂದು ಸಮಸ್ಯೆ ಎದುರಾಗಬಹುದು. ವರ್ಡ್‌ನಲ್ಲಿ ನುಡಿ ಬರುತ್ತದೆ, ಪೇಜ್‌ಮೇಕರ್‌ನಲ್ಲಿ ಬರುವುದಿಲ್ಲ. ಹಳೆ ತಂತ್ರಾಂಶ ಓಡಲಿ ಅಂತ ಪೇಜ್‌ಮೇಕರ್ ಅನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ಇಟ್ಟಿರುತ್ತಾರೆ. ಹಾಗೆ ಮೇಲಿನ ಅಧಿಕಾರದಲ್ಲಿ ಓಡುವ ತಂತ್ರಾಂಶದೊಳಗೆ ಕೀಲಿ ಒತ್ತಿಸಲು ಸಾಮಾನ್ಯ ಅಧಿಕಾರದ ತಂತ್ರಾಂಶಕ್ಕೆ ವಿಂಡೋಸ್ ಬಿಡುವುದಿಲ್ಲ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಹಾಗೆಯೇ ನುಡಿಯಲ್ಲಿ ಕನ್ನಡ, ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್ ಕೀಲಿಯಿಂದ. ಹೊಸ ಕೀಬೋರ್ಡ್ ತಗೊಂಡಿದ್ದು ಅದರಲ್ಲಿ ಆ ಕೀಲಿ ಇಲ್ಲದಿದ್ದರೆ ವಿಂಡೋಸ್‌ನ ಆನ್ ಸ್ಕ್ರೀನ್ ಕೀಬೋರ್ಡ್‌ನಲ್ಲಿ ಸಿಗುತ್ತದೆ.

ಹೊಸ ಕೆಲಸಗಳನ್ನು ಇನ್ನು ಮುಂದೆ ಯೂನಿಕೋಡ್‌ನಲ್ಲೇ ಮಾಡಿ ಅಂತ ನಾನು ಎಲ್ಲ ಡಿಟಿಪಿ ಮಿತ್ರರಿಗೂ ಹೇಳುತ್ತೇನೆ. ಪೇಜ್‌ಮೇಕರ್‌ಗೆ ಕನ್ನಡ ಯೂನಿಕೋಡ್ ಅರ್ಥವಾಗುವುದಿಲ್ಲ, ಗೊತ್ತು. ಲಗ್ನಪತ್ರಿಕೆ, ಪೋಸ್ಟರ್ ಅದರಲ್ಲೇ ಇರಲಿ. ಆದರೆ ಕರಾರು, ಅರ್ಜಿ, ಪ್ರಶ್ನೆಪತ್ರಿಕೆಗೆ ವರ್ಡ್ ಸಾಕು. ಯೂನಿಕೋಡ್‌ನಲ್ಲಿ ಬರೆದದ್ದನ್ನು ಫೈಲ್‌ಗಳ ನಡುವೆ ಹುಡುಕಬಹುದು, ಗಿರಾಕಿ ಮೊಬೈಲಿನಲ್ಲಿ ಓದಬಹುದು, ಮುಂದೆ ಯಾವ ವಿಂಡೋಸ್ ಬಂದರೂ ಪಿ, ಗೀರಿನ ಎ ಆಗುವುದಿಲ್ಲ. ಹಳೆಯದನ್ನೆಲ್ಲ ಕೂತು ಪರಿವರ್ತಿಸುವ ಅಗತ್ಯವಿಲ್ಲ. ಯಾವುದು ಮತ್ತೆ ಕೆಲಸಕ್ಕೆ ಬರುತ್ತದೋ ಅದನ್ನು ಮಾತ್ರ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡಿ. ಸರ್ವೆ ನಂಬರ್ ತಪ್ಪಾದರೆ ಸುಮ್ಮನಿರುವವರು ಯಾರೂ ಇಲ್ಲ.

ಹಸಿರು ಟಿಕ್, ಮೋಡ ಎರಡೂ ಒನ್‌ಡ್ರೈವ್‌ನ, ಅಂದರೆ ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್ ಸೇವೆಯ ಗುರುತುಗಳು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದು ತನ್ನ ಫೋಲ್ಡರ್‌ನೊಳಗೆ ಸರಿಸಿಕೊಂಡು ಇಂಟರ್ನೆಟ್‌ಗೆ ಏರಿಸುತ್ತಾ ಹೋಗುತ್ತದೆ. ಬಿಟ್ಟಿಯಾಗಿ ಸಿಗುವುದು 5 ಜಿಬಿ. ನಿಮ್ಮ ಫ್ಲೆಕ್ಸ್ ಡಿಸೈನ್‌ಗಳಿಗೇ ಅದು ಸಾಲುವುದಿಲ್ಲ. ಹಸಿರು ಟಿಕ್ ಇದ್ದರೆ ಫೈಲ್ ಯಂತ್ರದಲ್ಲೇ ಇದೆ. ಬರೀ ಮೋಡ ಇದ್ದರೆ ಇಲ್ಲ, ಇಂಟರ್ನೆಟ್ ಹೋದರೆ ಅದು ತೆರೆಯುವುದೂ ಇಲ್ಲ. ಜಾಗ ತುಂಬಿತು ಅಂತ ಸಿಟ್ಟಿನಲ್ಲಿ ಒನ್‌ಡ್ರೈವ್ ಒಳಗಿನ ಫೈಲ್ ಅಳಿಸಬೇಡಿ, ದಯವಿಟ್ಟು. ಅಲ್ಲಿ ಅಳಿಸಿದರೆ ಇಲ್ಲಿಯೂ ಹೋಗುತ್ತದೆ. ಈಗಾಗಲೇ ಅಳಿಸಿದ್ದರೆ ಒನ್‌ಡ್ರೈವ್ ಜಾಲತಾಣದ ರೀಸೈಕಲ್ ಬಿನ್‌ನಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಬೇಗ ನೋಡಿ.

ಸರಿಯಾದ ಕ್ರಮ ಹೀಗಿದೆ. ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್‌ನಲ್ಲಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಡಿ. ಎಲ್ಲ ಇಳಿದ ಮೇಲೆ ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ಆಮೇಲೆ ಗಡಿಯಾರದ ಬಳಿಯ ಮೋಡದ ಐಕಾನ್ ಒತ್ತಿ, ಸೆಟ್ಟಿಂಗ್ಸ್, 'ಸಿಂಕ್ ಆ್ಯಂಡ್ ಬ್ಯಾಕಪ್', 'ಮ್ಯಾನೇಜ್ ಬ್ಯಾಕಪ್'ಗೆ ಹೋಗಿ ಮೂರನ್ನೂ ಆಫ್ ಮಾಡಿ. ಆಫ್ ಮಾಡಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಕಂಡರೆ ಗಾಬರಿ ಬೇಡ. ಫೈಲುಗಳು ಒನ್‌ಡ್ರೈವ್ ಒಳಗಿನ 'ಡೆಸ್ಕ್‌ಟಾಪ್' ಫೋಲ್ಡರ್‌ನಲ್ಲೇ ಉಳಿದಿರುತ್ತವೆ, ಅಲ್ಲಿಂದ ಈಚೆಗೆ ತಂದುಕೊಂಡರಾಯಿತು.

ಪ್ರಿಂಟರ್ 'ಆಫ್‌ಲೈನ್' ಆಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸಂಬಂಧವಿದೆಯಾ ಅಂತ ಗಮನಿಸಿ. ಬೆಸ್ಕಾಂ ಕರೆಂಟ್ ಹೋಗಿ ಬಂದಾಗ ನಿಮ್ಮ ವೈಫೈ ರೂಟರ್ ಮತ್ತೆ ಶುರುವಾಗುತ್ತದೆ. ಆಗ ಅದು ಪ್ರಿಂಟರ್‌ಗೆ ಹೊಸ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡಬಹುದು. ವಿಂಡೋಸ್ ಮಾತ್ರ ಹಳೆ ವಿಳಾಸಕ್ಕೇ ಕಳಿಸುತ್ತಿರುತ್ತದೆ, ಮನೆ ಖಾಲಿ ಮಾಡಿದವರ ಹಳೆ ಬಾಗಿಲಿಗೆ ಪೋಸ್ಟ್‌ಮ್ಯಾನ್ ಹೋದ ಹಾಗೆ. ಇದನ್ನು ತಪ್ಪಿಸಲು ರೂಟರ್‌ನ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೆ ಒಂದೇ ವಿಳಾಸ ಕಾಯ್ದಿರಿಸಬೇಕು. ಇಂಟರ್ನೆಟ್ ಹಾಕಿಕೊಟ್ಟ ಕೇಬಲ್‌ನವರನ್ನು ಕೇಳಿದರೆ ಮಾಡಿಕೊಡುತ್ತಾರೆ. ಆಮೇಲೆ ವಿಂಡೋಸ್‌ನಲ್ಲಿ ಹಳೆ ಪ್ರಿಂಟರ್ ತೆಗೆದು, 'ಆ್ಯಡ್ ಮ್ಯಾನ್ಯುಯಲಿ' ಮೂಲಕ ಆ ಐಪಿ ವಿಳಾಸ ಕೊಟ್ಟು ಸೇರಿಸಿ. ಆಗಲೂ 'ಆಫ್‌ಲೈನ್' ಅಂದರೆ ಪ್ರಿಂಟರ್ ಪ್ರಾಪರ್ಟೀಸ್, 'ಪೋರ್ಟ್ಸ್', 'ಕಾನ್ಫಿಗರ್ ಪೋರ್ಟ್'ನಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಎಂಬಲ್ಲಿನ ಟಿಕ್ ತೆಗೆಯಿರಿ. ಎರಡು ಪ್ರಿಂಟರ್ ಇದ್ದರೆ 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಆಫ್ ಮಾಡಿ. ಇಲ್ಲವಾದರೆ ಕೊನೆಯಲ್ಲಿ ಬಳಸಿದ ಪ್ರಿಂಟರನ್ನೇ ಅದು ಮುಖ್ಯ ಅಂದುಕೊಳ್ಳುತ್ತದೆ, ಕಪ್ಪು ಬಿಳುಪು ಅಫಿಡವಿಟ್ ಕಲರ್ ಪ್ರಿಂಟರ್‌ನಲ್ಲಿ ಬರುತ್ತದೆ.

ನಿಧಾನದ ಬಗ್ಗೆ ಸ್ವಲ್ಪ ಕಾಯಿರಿ. ಹೊಸ ವಿಂಡೋಸ್ ಶುರುವಿನ ದಿನಗಳಲ್ಲಿ ಫೈಲುಗಳ ಸೂಚಿ ತಯಾರಿಸುವುದು, ವೈರಸ್ ತಪಾಸಣೆ, ಅಪ್‌ಡೇಟ್ ಇಳಿಸುವುದು ಎಲ್ಲ ಹಿಂದೆ ನಡೆಸುತ್ತಿರುತ್ತದೆ. ಒಂದೆರಡು ರಾತ್ರಿ ಚಾಲೂ ಬಿಟ್ಟು ಹೋಗಿ. ಬೆಳಗ್ಗೆ 'ಶಟ್ ಡೌನ್' ಅಲ್ಲ, 'ರೀಸ್ಟಾರ್ಟ್' ಕೊಡಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್ ಡೌನ್‌ನಲ್ಲಿ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಆಮೇಲೂ ನಿಧಾನವಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಡಿಸ್ಕ್ ಸದಾ 100 ಶೇಕಡಾ ತೋರಿಸುತ್ತಿದ್ದು ನಿಮ್ಮಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಅದರ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಎಸ್‌ಪಿ ರೋಡ್‌ನಲ್ಲಿ ಹೊಸ ಕಂಪ್ಯೂಟರ್ ವಿಚಾರಿಸುವ ಮೊದಲು ಇದನ್ನು ಮಾಡಿ ನೋಡಿ. 'ಡ್ರೈವರ್ ಅಪ್‌ಡೇಟರ್', 'ಪಿಸಿ ಕ್ಲೀನರ್' ಅಂತ ಬರುವ ಬಿಟ್ಟಿ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಇರುವ ಕಿರಿಕಿರಿಯ ಮೇಲೆ ಇನ್ನೊಂದು ಅಷ್ಟೇ.

ಕೊನೆಗೆ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ವಿಷಯ. ನೀವು ಒನ್‌ಡ್ರೈವ್ ಖಾತೆ ಮಾಡಿಸಿದ್ದೀರಿ ಅಂತ ಎಲ್ಲೂ ಬರೆದಿಲ್ಲ. ಹಾಗಾದರೆ ಯಾರ ಖಾತೆಯಲ್ಲಿ ಫೈಲುಗಳು ಏರುತ್ತಿವೆ? ವಿಂಡೋಸ್ ಹಾಕುವವರು ಎಷ್ಟೋ ಸಲ ಬೇಗ ಮುಗಿಯಲಿ ಅಂತ ತಮ್ಮದೇ ಮೈಕ್ರೋಸಾಫ್ಟ್ ಖಾತೆ ಹಾಕಿಬಿಡುತ್ತಾರೆ. ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ನಿಮ್ಮ ಗಿರಾಕಿಗಳ ದಾಖಲೆಗಳು ಅವರ ಖಾತೆಗೆ ಹೋಗುತ್ತಿರುತ್ತವೆ. ಇನ್ನೂ ಒಂದಿದೆ. ವಿಂಡೋಸ್ 11 ಅನ್ನು ಹೊಸದಾಗಿ ಹಾಕಿದಾಗ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಮುಂದೆ ಯಾವತ್ತಾದರೂ ಯಂತ್ರವನ್ನು ಶುರುಮಾಡುವ ಬಯಾಸ್‌ನ ಸೆಟ್ಟಿಂಗ್ ಬದಲಾಗಿಯೋ ಮದರ್‌ಬೋರ್ಡ್ ರಿಪೇರಿಯಾಗಿಯೋ ಯಂತ್ರ 48 ಅಂಕಿಯ ರಿಕವರಿ ಕೀ ಕೇಳಿದರೆ, ಅದು ಇರುವುದು ಆ ಖಾತೆಯಲ್ಲಿ. ಕೀ ಇಲ್ಲದೆ ಫೈಲುಗಳು ಯಾರ ಕೈಗೂ ಸಿಗುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ಸ್' ತೆರೆದು ಮೇಲಿರುವ ಈಮೇಲ್ ವಿಳಾಸ ನಿಮ್ಮದೇ ಅಂತ ನೋಡಿ. ನಿಮ್ಮದಲ್ಲದಿದ್ದರೆ ಆ ಹುಡುಗನನ್ನು ಕರೆಸಿ, ನಿಮ್ಮ ಹೆಸರಿನ ಖಾತೆ ಮಾಡಿಸಿ, ಅವನ ಒನ್‌ಡ್ರೈವ್‌ನಲ್ಲಿ ಏರಿರುವುದನ್ನು ನಿಮ್ಮ ಎದುರಲ್ಲೇ ಅಳಿಸಲು ಹೇಳಿ. ಆದರೆ ಮೇಲೆ ಹೇಳಿದ ಹಾರ್ಡ್‌ಡಿಸ್ಕ್ ಪ್ರತಿ ತೆಗೆದ ಮೇಲೆಯೇ. ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ರಿಕವರಿ ಕೀಯನ್ನು ಮುದ್ರಿಸಿ, ಅಂಗಡಿಯಲ್ಲಲ್ಲ, ಮನೆಯಲ್ಲಿ ಎತ್ತಿಡಿ.